ಗೆಳೆಯರ ಜೊತೆ ರಾತ್ರಿಯಿಡೀ ಯಕ್ಷಗಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲಿನ ಗೆಳೆಯರು ನನ್ನ ಜೊತೆ ಆಟಕ್ಕೆ ಹೊರಡುವ ಮುಂಚೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಮ್ಮ ಕರಾವಳಿಯಲ್ಲಿ ಯಕ್ಷಗಾನವನ್ನು ಸುಮ್ನೆ ‘ಆಟ’ ಎನ್ನುತ್ತೇವೆ. ಕಿರೀಟ, ಬಣ್ಣ, ಕುಣಿತ ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಆಟದ ಜೀವ ಇರುವುದು ಹಾಡಿನಲ್ಲಿ. ಅದು ಕಿವಿಗೆ ಹತ್ತಬೇಕಾದರೆ ಪಕ್ಕದಲ್ಲಿ ಒಬ್ಬ ಗೆಳೆಯ ಇದ್ದರೆ ಬಹಳ ಒಳ್ಳೆಯದು. ಈ ಪುಟವನ್ನು ಬರೆದದ್ದು ಅದಕ್ಕೇ.

ಯಕ್ಷಗಾನ ಅಂದರೆ ನಾಟಕವಾ, ಕುಣಿತವಾ, ಸಂಗೀತವಾ?

ಮೂರೂ ಇವೆ, ಆದರೆ ಇಡೀ ಆಟ ನಿಂತಿರುವುದು ಹಾಡಿನ ಮೇಲೆ. ಆಡುವ ಕಥೆಗೆ ಪ್ರಸಂಗ ಎಂದು ಹೆಸರು. ಪ್ರಸಂಗದ ಪುಸ್ತಕ ತೆರೆದರೆ ಸಿಗುವುದು ಪದ್ಯಗಳು ಮಾತ್ರ. ಮಾತುಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹಾಡುಗಾರರಾದ ಭಾಗವತರು ಪದ್ಯ ಹೇಳುತ್ತಾರೆ. ವೇಷಧಾರಿ ಅದಕ್ಕೆ ಕುಣಿಯುತ್ತಾರೆ, ಅಭಿನಯಿಸುತ್ತಾರೆ. ಪದ್ಯ ಮುಗಿದ ಮೇಲೆ ಅದರ ಅರ್ಥವನ್ನು ತಮ್ಮದೇ ಮಾತಿನಲ್ಲಿ, ಅಲ್ಲೇ ಕಟ್ಟಿ ಹೇಳುತ್ತಾರೆ. ಎದುರಿನ ಪಾತ್ರ ಅದಕ್ಕೆ ಉತ್ತರ ಕೊಡುತ್ತದೆ. ಮತ್ತೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ರಾತ್ರಿಯಿಡೀ ಆಟ ಹೀಗೇ ಸಾಗುತ್ತದೆ.

ಇವತ್ತು ನೋಡಿದ ಪ್ರಸಂಗವನ್ನೇ ನಾಳೆ ಅದೇ ಮೇಳ, ಅಂದರೆ ಅದೇ ಕಲಾವಿದರ ತಂಡ, ಪಕ್ಕದ ಊರಿನಲ್ಲಿ ಆಡಿದರೂ ಮಾತು ಬೇರೆಯಾಗಿರುತ್ತದೆ. ಎದುರಿಗೆ ನಿಂತ ಕಲಾವಿದ ಬದಲಾದರೆ ವಾದವೂ ಬದಲಾಗುತ್ತದೆ. ಬರೆದ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸುವ ನಾಟಕ ನೋಡಿ ಅಭ್ಯಾಸ ಇರುವ ಗೆಳೆಯರು ಇದನ್ನು ತಿಳಿದಾಗ ಮೊದಲು ನಂಬುವುದಿಲ್ಲ.

ಭಾಗವತರು ಅಂದರೆ ಹಿನ್ನೆಲೆ ಗಾಯಕರಾ?

ಖಂಡಿತ ಅಲ್ಲ. ನಮ್ಮ ಕಡೆ ಭಾಗವತರನ್ನು ಮೊದಲನೇ ವೇಷ ಎನ್ನುವುದಿದೆ. ಅವರು ಬಣ್ಣ ಹಾಕುವುದಿಲ್ಲ. ತಲೆಗೊಂದು ಮುಂಡಾಸು ಸುತ್ತಿ, ರಂಗಸ್ಥಳದ ಹಿಂದೆ ಎತ್ತರದಲ್ಲಿ ಕೂತಿರುತ್ತಾರೆ. ಯಾವ ಪದ್ಯ ಬೇಕು, ಯಾವುದು ಬೇಡ, ಎಲ್ಲಿ ಎಳೆಯಬೇಕು, ಎಲ್ಲಿ ಓಡಿಸಬೇಕು ಎಂದು ತೀರ್ಮಾನಿಸುವವರು ಅವರೇ. ಒಬ್ಬ ವೇಷಧಾರಿಯ ಮಾತು ಅತಿಯಾಗಿ ಬೆಳೆಯಿತು ಅನ್ನಿಸಿದರೆ ತಾಳ ಹಾಕಿ ಮುಂದಿನ ಪದ್ಯ ಶುರು ಮಾಡಿಬಿಡುತ್ತಾರೆ. ಎಷ್ಟೇ ದೊಡ್ಡ ಕಲಾವಿದರಿರಲಿ, ಅಲ್ಲಿಗೆ ಮಾತು ನಿಲ್ಲಿಸಿ ಕುಣಿಯಬೇಕು.

ಭಾಗವತರು, ಮದ್ದಳೆ ಮತ್ತು ಚೆಂಡೆ ಬಾರಿಸುವವರು ಸೇರಿದರೆ ಹಿಮ್ಮೇಳ. ಕುಣಿಯುವ, ಮಾತಾಡುವ ವೇಷಗಳೆಲ್ಲ ಮುಮ್ಮೇಳ. ಭಾಗವತರ ಕೈಯಲ್ಲಿ ತೆಂಕು ಶೈಲಿಯಲ್ಲಾದರೆ ಜಾಗಟೆ, ಬಡಗು ಶೈಲಿಯಲ್ಲಾದರೆ ತಾಳ ಇರುತ್ತದೆ. ಅವರ ಕೈ ಮತ್ತು ವೇಷಧಾರಿಯ ಕಾಲು, ಎರಡನ್ನೂ ಒಂದು ಹತ್ತು ನಿಮಿಷ ಜೊತೆಯಾಗಿ ಗಮನಿಸಿ. ವೇಷಧಾರಿ ಬೆನ್ನು ಹಾಕಿ ನಿಂತಿದ್ದರೂ ಭಾಗವತರಿಗೆ ಅವರ ಮುಂದಿನ ಹೆಜ್ಜೆ ಗೊತ್ತಿರುತ್ತದೆ. ಇವರು ತಾಳ ಬದಲಿಸುವುದು ಅವರಿಗೂ ಗೊತ್ತಿರುತ್ತದೆ. ಕೂತು ಅಭ್ಯಾಸ ಮಾಡಿ ಬಂದದ್ದಲ್ಲ ಇದು. ಆರು ತಿಂಗಳು ದಿನಾ ರಾತ್ರಿ ಒಟ್ಟಿಗೆ ಆಡಿ ಬಂದ ಹೊಂದಾಣಿಕೆ.

ಮಂಡ್ಯ ಕಡೆಯ ಒಬ್ಬ ಗೆಳೆಯನನ್ನು ಅಭಿಮನ್ಯು ಕಾಳಗಕ್ಕೆ ಕರೆದುಕೊಂಡು ಹೋಗಿದ್ದೆ. ಸುಭದ್ರೆ ಮಗನನ್ನು ಯುದ್ಧಕ್ಕೆ ಹೋಗಬೇಡ ಎಂದು ತಡೆಯುವ ಭಾಗ. ಭಾಗವತರು ಒಂದು ಸಾಲನ್ನು ಹೇಳಿದರು, ಮತ್ತೆ ಹೇಳಿದರು, ಇನ್ನೊಮ್ಮೆ ಬೇರೆ ರೀತಿಯಲ್ಲಿ ಎಳೆದು ಹೇಳಿದರು. ‘ಅದನ್ನೇ ಯಾಕೆ ಹೇಳ್ತಿದ್ದಾರೆ?’ ಎಂದು ಗೆಳೆಯ ಕೇಳಿದ. ಸುಭದ್ರೆಯ ವೇಷ ಹಾಕಿದವರ ಮುಖ ನೋಡು ಎಂದೆ. ಅವರ ಅಭಿನಯ ಇನ್ನೂ ಮುಗಿದಿರಲಿಲ್ಲ, ಪ್ರತಿ ಸಲ ಸಾಲು ಬಂದಾಗಲೂ ತಾಯಿಯ ಭಯ ಒಂದೊಂದು ಪದರ ಹೆಚ್ಚುತ್ತಿತ್ತು. ಭಾಗವತರು ಅದಕ್ಕಾಗಿ ಕಾಯುತ್ತಿದ್ದರು. ಅವತ್ತಿನಿಂದ ಆ ಗೆಳೆಯ ಆಟಕ್ಕೆ ಕರೆದರೆ ಮೊದಲು ಕೇಳುವುದು ‘ಭಾಗವತರು ಯಾರು?’ ಎಂದು.

ತೆಂಕು, ಬಡಗು ಎನ್ನುತ್ತಾರಲ್ಲ, ಏನು ವ್ಯತ್ಯಾಸ?

ಒಂದೇ ಕಲೆಯ ಎರಡು ಶೈಲಿಗಳು, ಅಂದರೆ ತಿಟ್ಟುಗಳು. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ತೆಂಕು. ಉಡುಪಿಯಿಂದ ಉತ್ತರಕ್ಕೆ, ಕುಂದಾಪುರದ ಕಡೆ ಬಡಗು. ಇನ್ನೂ ಮೇಲೆ ಹೊನ್ನಾವರ, ಕುಮಟಾ, ಶಿರಸಿ ಕಡೆಯದಕ್ಕೆ ಬಡಾಬಡಗು ಎನ್ನುತ್ತಾರೆ.

ಕಿವಿಗೆ ಮೊದಲು ಗೊತ್ತಾಗುವುದು ಚೆಂಡೆ. ತೆಂಕಿನ ಚೆಂಡೆ ದೊಡ್ಡದು. ಹೆಗಲಿಗೆ ಹಾಕಿಕೊಂಡು ನಿಂತು ಬಾರಿಸುತ್ತಾರೆ, ಎದೆ ನಡುಗಿಸುವ ಸದ್ದು. ಬಡಗಿನ ಚೆಂಡೆ ಗಾತ್ರದಲ್ಲಿ ಸಣ್ಣದು, ನಾದ ಚೂಪು. ಕುಣಿತದಲ್ಲಿ ತೆಂಕಿಗೆ ದಿಗಿಣ ಹೆಸರುವಾಸಿ. ಗಾಳಿಯಲ್ಲಿ ಹಾರಿ ಸುತ್ತುವ ಹೊಡೆತ ಅದು. ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರಗಳು, ಅಂದರೆ ಪುಂಡುವೇಷಗಳು, ರಂಗಸ್ಥಳದ ಸುತ್ತ ದಿಗಿಣ ಹೊಡೆಯುವಾಗ ಮಕ್ಕಳು ಎದ್ದು ನಿಲ್ಲುತ್ತಾರೆ. ಬಡಗಿನಲ್ಲಿ ಮಂಡಿ ಕುಣಿತ ಇದೆ, ಮೊಣಕಾಲಿನ ಮೇಲೆ ಗಿರಗಿರ ಸುತ್ತುವುದು. ಬಡಾಬಡಗಿನಲ್ಲಿ ಭಾವಾಭಿನಯಕ್ಕೆ ಒತ್ತು ಜಾಸ್ತಿ.

ಯಾವುದು ಮೇಲು ಎಂದು ಮಾತ್ರ ಕೇಳಬೇಡಿ. ನಾನು ಬಡಗು ಕೇಳಿ ಬೆಳೆದವನು, ಮನಸ್ಸು ಅತ್ತಲೇ ವಾಲುತ್ತದೆ. ಆದರೆ ಗೆಳೆಯರಿಗೆ ಎರಡನ್ನೂ ತೋರಿಸುತ್ತೇನೆ.

ಮೊದಲ ಸಲ ಯಾವ ಪ್ರಸಂಗ ನೋಡಬೇಕು?

ಕಥೆ ಗೊತ್ತಿರುವುದನ್ನೇ ಆರಿಸಿ. ರಾಮಾಯಣ, ಮಹಾಭಾರತ, ಭಾಗವತದ ಕಥೆಗಳಾದರೆ ಒಳ್ಳೆಯದು. ಮುಂದೇನಾಯಿತು ಎಂಬ ಚಿಂತೆ ಇಲ್ಲದಿದ್ದರೆ ಹೇಗೆ ಹಾಡಿದರು, ಹೇಗೆ ಹೇಳಿದರು ಎಂದು ಗಮನಿಸಬಹುದು.

ನನ್ನ ಆಯ್ಕೆ ಹೀಗಿದೆ. ಅಬ್ಬರ, ಬಣ್ಣ, ಬೆಂಕಿ ಬೇಕಾದರೆ ತೆಂಕಿನ ‘ದೇವಿ ಮಹಾತ್ಮೆ’. ಕಣ್ಣು ತುಂಬಿ ಬರಬೇಕಾದರೆ ಅಭಿಮನ್ಯುವಿನ ಕಥೆ. ನಗಬೇಕಾದರೆ ‘ಚಂದ್ರಾವಳಿ ವಿಲಾಸ’. ಮಾತಿನ ಸೊಗಸು ಬೇಕಾದರೆ ‘ಕೃಷ್ಣ ಸಂಧಾನ’. ಅಲ್ಲಿ ಕೃಷ್ಣನೂ ಕೌರವನೂ ವಾದಕ್ಕೆ ನಿಂತರೆ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಕುಣಿತ ಮತ್ತು ಶೃಂಗಾರ ಬೇಕಾದರೆ ಬಡಗಿನಲ್ಲಿ ‘ಭಸ್ಮಾಸುರ ಮೋಹಿನಿ’. ಭಸ್ಮಾಸುರನ ವೇಷ ಎಂದರೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರದ್ದು ಎಂದು ಇವತ್ತಿಗೂ ಹಿರಿಯರು ನೆನೆಯುತ್ತಾರೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಕರಾವಳಿಗೆ ಹಬ್ಬವಾಗಿತ್ತು. 2017ರಲ್ಲಿ ಅವರು ತೀರಿಕೊಂಡರು.

ದೇವಿ ಮಹಾತ್ಮೆಯ ಬಗ್ಗೆ ಎರಡು ಮಾತು ಜಾಸ್ತಿ ಹೇಳಲೇಬೇಕು. ಮಧು ಕೈಟಭರಿಂದ ಶುರುವಾಗಿ, ಮಹಿಷಾಸುರ, ಚಂಡ ಮುಂಡರು, ರಕ್ತಬೀಜ, ಶುಂಭ ನಿಶುಂಭರವರೆಗೆ ಕಥೆ ಹೋಗುತ್ತದೆ. ಇದರಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ, ದೊಂದಿ ಹಿಡಿದವರ ನಡುವೆ, ಆರ್ಭಟಿಸುತ್ತಾ ಬರುತ್ತಾನೆ. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ. ಅರೆನಿದ್ದೆಯಲ್ಲಿದ್ದವರೆಲ್ಲ ಎದ್ದು ದಾರಿ ಬಿಡುತ್ತಾರೆ. ಗೆಳೆಯರಿಗೆ ಇದನ್ನು ಮೊದಲೇ ಹೇಳಬೇಡಿ. ಸಣ್ಣ ಮಕ್ಕಳು ಜೊತೆಗಿದ್ದರೆ ಮಾತ್ರ ಹೇಳಿ. ಕೆಲವು ಮಕ್ಕಳು ಹೆದರಿ ಅಳುತ್ತಾರೆ.

ಹಾಡಿನ ಮಾತುಗಳು ಅರ್ಥವಾಗುವುದಿಲ್ಲ. ಏನು ಮಾಡುವುದು?

ಗಾಬರಿಯಾಗಬೇಡಿ. ಪದ್ಯಗಳ ಭಾಷೆ ಹಳೆಯದು. ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನಂಥ ಕವಿಗಳ ಪದ್ಯಗಳು ಇವತ್ತಿಗೂ ರಂಗದಲ್ಲಿ ನಡೆಯುತ್ತಿವೆ. ಮೊದಲ ಸಲ ಕೇಳುವಾಗ ಅರ್ಧಕ್ಕರ್ಧ ಮಾತು ಕೈಗೆ ಸಿಗುವುದಿಲ್ಲ. ಅದಕ್ಕೆ ಪರಿಹಾರ ಆಟದೊಳಗೇ ಇದೆ. ಭಾಗವತರು ಸಾಲನ್ನು ಮತ್ತೆ ಮತ್ತೆ ಹೇಳುತ್ತಾರೆ. ಪದ್ಯ ಮುಗಿದ ಕೂಡಲೇ ವೇಷಧಾರಿ ಅದನ್ನೇ ಬಿಡಿಸಿ ಹೇಳುತ್ತಾರೆ. ಆ ಅರ್ಥ ಕೇಳಿದ ಮೇಲೆ ಪದ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ನೆನಪಿಸಿಕೊಳ್ಳಿ. ಮಾತುಗಳು ತೆರೆದುಕೊಳ್ಳುತ್ತವೆ.

ಇನ್ನೊಂದು ಸುಲಭದ ಗುರುತು ಹೇಳುತ್ತೇನೆ. ಭಾಮಿನಿ, ವಾರ್ಧಕ, ಕಂದ ಪದ್ಯಗಳನ್ನು ಹೆಚ್ಚಾಗಿ ತಾಳವಿಲ್ಲದೆ ಹೇಳುತ್ತಾರೆ. ಚೆಂಡೆ ನಿಂತಿರುತ್ತದೆ, ಭಾಗವತರ ಧ್ವನಿ ಒಂದೇ ಕೇಳುತ್ತದೆ. ಅಲ್ಲಿ ರಾಗದ ಚಂದ ಪೂರ್ತಿ ಸಿಗುತ್ತದೆ, ಮಾತೂ ಸ್ಪಷ್ಟ. ಆಮೇಲೆ ತಾಳದ ಪದ್ಯಗಳು ಬರುತ್ತವೆ. ಏಕ, ತ್ರಿವುಡೆ, ಝಂಪೆ, ರೂಪಕ, ಅಷ್ಟ, ಮಟ್ಟೆ ಹೀಗೆ. ಇವುಗಳ ಲೆಕ್ಕ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಯುದ್ಧದ ಪದ್ಯಗಳಿಗೆ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ.

ನನ್ನ ಗೆಳತಿಗೆ ಕನ್ನಡವೇ ಬರುವುದಿಲ್ಲ. ಕರೆದುಕೊಂಡು ಬರಬಹುದಾ?

ಬನ್ನಿ. ಹೊರಡುವ ಮುಂಚೆ ಕಥೆಯನ್ನು ಹೇಳಿ, ಪಾತ್ರಗಳು ಯಾರು, ಯಾರಿಗೆ ಯಾರು ಏನಾಗಬೇಕು ಎಂದು ಹೇಳಿ. ಅಷ್ಟು ಸಾಕು. ಆಟ ನಡೆಯುವಾಗ ಪ್ರತಿ ಮಾತನ್ನೂ ಕಿವಿಯಲ್ಲಿ ಹೇಳುತ್ತಾ ಕೂರಬೇಡಿ. ಅವರಿಗೆ ಹಾಡು ಕೇಳಿಸುವುದಿಲ್ಲ, ನಿಮಗೆ ಆಟ ಸಿಗುವುದಿಲ್ಲ, ಹಿಂದೆ ಕೂತವರಿಗೆ ಸಿಟ್ಟು ಬರುತ್ತದೆ. ಮಾತು ಉದ್ದ ಇರುವ ಪ್ರಸಂಗ ಬಿಟ್ಟು ಕುಣಿತ, ಯುದ್ಧ, ಬಣ್ಣದ ವೇಷ (ರಾಕ್ಷಸ ಪಾತ್ರಗಳು) ಇರುವ ಪ್ರಸಂಗ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ತೆಂಕಿನ ಕಡೆ ಕೆಲವು ಆಟಗಳು ತುಳುವಿನಲ್ಲಿ ನಡೆಯುತ್ತವೆ. ಕನ್ನಡ ಮಾತ್ರ ಬರುವ ಗೆಳೆಯರನ್ನು ಕರೆದೊಯ್ಯುವುದಾದರೆ ಕನ್ನಡ ಪ್ರಸಂಗವೋ ತುಳು ಪ್ರಸಂಗವೋ ಎಂದು ಮೊದಲೇ ವಿಚಾರಿಸಿ.

ಟಿಕೆಟ್ ಇರುತ್ತದಾ?

ಎರಡು ಬಗೆ. ದೇವಸ್ಥಾನದ ಮೇಳಗಳು ಆಡುವುದು ಹರಕೆ ಆಟ. ಯಾರೋ ಒಬ್ಬರು ಹರಕೆ ಹೊತ್ತು ತಮ್ಮ ಮನೆಯ ಹತ್ತಿರ, ಊರಿನ ಗದ್ದೆಯಲ್ಲಿ, ಶಾಲೆಯ ಬಯಲಿನಲ್ಲಿ ಆಡಿಸುತ್ತಾರೆ. ಕಟೀಲು, ಮಂದಾರ್ತಿ, ಮಾರಣಕಟ್ಟೆ ಮೇಳಗಳು ಹೀಗೆ. ಕಟೀಲಿನಲ್ಲಿ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಈ ಆಟಗಳಿಗೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಗುರುತು ಪರಿಚಯ ಬೇಕಿಲ್ಲ. ಎಷ್ಟೋ ಕಡೆ ಬಂದವರಿಗೆಲ್ಲ ಊಟವನ್ನೂ ಹಾಕುತ್ತಾರೆ. ಕರೆದರೆ ಸಂಕೋಚ ಬೇಡ, ಕೂತು ಊಟ ಮಾಡಿ. ಆಡಿಸುವವರಿಗೆ ಅದು ಸಂತೋಷ.

ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಆಟಕ್ಕೆ ಟಿಕೆಟ್ ಇರುತ್ತದೆ. ಹೊಸದಾಗಿ ಬರೆದ ಪ್ರಸಂಗಗಳನ್ನು ಇವು ಹೆಚ್ಚು ಆಡುತ್ತವೆ.

ಎಷ್ಟು ಹೊತ್ತಿಗೆ ಶುರು? ಎಷ್ಟು ಹೊತ್ತಿಗೆ ಮುಗಿಯುತ್ತದೆ?

ಹಳೆಯ ಕ್ರಮದಲ್ಲಿ ರಾತ್ರಿ ಒಂಬತ್ತು ಹತ್ತಕ್ಕೆ ಶುರುವಾದರೆ ಬೆಳಗಾಗುವವರೆಗೆ. ಈಗ ಕಾಲಮಿತಿ ಆಟ ಜಾಸ್ತಿಯಾಗಿದೆ. ಸಂಜೆ ಆರು ಏಳಕ್ಕೆ ಶುರು ಮಾಡಿ ಮಧ್ಯರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತಾರೆ. ಜನರ ಕೆಲಸದ ಹೊತ್ತು ಬದಲಾಯಿತು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ಕಟ್ಟುಪಾಡು ಬಂತು. ಹಾಗಾಗಿ ಹೊರಡುವ ಮುಂಚೆ ಈ ಆಟ ಇಡೀ ರಾತ್ರಿಯದಾ, ಕಾಲಮಿತಿಯದಾ ಎಂದು ಕೇಳಿಕೊಳ್ಳಿ.

ನನಗೆ ಇಷ್ಟ ಇಡೀ ರಾತ್ರಿಯ ಆಟವೇ. ಕಾಲಮಿತಿಯಲ್ಲಿ ಮೊದಲು ಕತ್ತರಿ ಬೀಳುವುದು ಪದ್ಯಗಳಿಗೆ. ಎಳೆದು ಹೇಳುವ, ಕಾದು ಹೇಳುವ ಹಾಡುಗಾರಿಕೆಗೆ ಸಮಯ ಸಿಗುವುದಿಲ್ಲ. ಇಡೀ ರಾತ್ರಿಯ ಆಟದಲ್ಲಿ ಸಾಮಾನ್ಯವಾಗಿ ಮೊದಲು ಕಿರಿಯ ಭಾಗವತರು ಹಾಡುತ್ತಾರೆ. ರಾತ್ರಿ ಬೆಳೆದ ಮೇಲೆ ಹಿರಿಯ ಭಾಗವತರು ಬಂದು ಕೂರುತ್ತಾರೆ. ಹೊತ್ತು ಸರಿದಂತೆ ಹಾಡಿನ ಕಾವು ಏರುವುದು ಕಿವಿಗೆ ಗೊತ್ತಾಗುತ್ತದೆ.

ಇದರಲ್ಲಿ ಇನ್ನೊಂದು ವಿಷಯ ಇದೆ, ಹೊರಗಿನಿಂದ ಬರುವವರು ಗಮನಿಸಬೇಕು. ಬೆಳಗಿನ ತನಕ ಆಟವಾದರೆ ಮುಗಿಯುವ ಹೊತ್ತಿಗೆ ಮೊದಲ ಬಸ್ಸು ಸಿಗುತ್ತದೆ. ಕಾಲಮಿತಿ ಆಟ ಮುಗಿಯುವುದು ಮಧ್ಯರಾತ್ರಿ, ಆಗ ಹಳ್ಳಿ ದಾರಿಯಲ್ಲಿ ಬಸ್ಸೂ ಇಲ್ಲ, ರಿಕ್ಷಾವೂ ಇಲ್ಲ. ಸ್ವಂತ ಗಾಡಿ ಅಥವಾ ಉಳಿಯಲು ಜಾಗ ನೋಡಿಕೊಂಡೇ ಬನ್ನಿ.

ಶುರುವಿನಲ್ಲೇ ಇರಬೇಕಾ? ತಡವಾಗಿ ಹೋದರೆ ಒಳಗೆ ಬಿಡುತ್ತಾರಾ?

ಬಯಲಿನ ಆಟಕ್ಕೆ ಬಾಗಿಲೇ ಇಲ್ಲ. ಆದರೆ ಗೆಳೆಯರಿಗೆ ಮೊದಲ ಸಲವಾದರೆ ಬೇಗ ಹೋಗಿ. ಮೊದಲು ಹಿಮ್ಮೇಳದವರು ಚೆಂಡೆ, ಮದ್ದಳೆ ಬಾರಿಸಿ ಊರಿಗೆಲ್ಲ ಆಟ ಇದೆ ಎಂದು ತಿಳಿಸುತ್ತಾರೆ. ಆಮೇಲೆ ಪೂರ್ವರಂಗ. ಕೋಡಂಗಿ, ಬಾಲಗೋಪಾಲರ ಕುಣಿತ, ಸ್ತ್ರೀವೇಷದ ಕುಣಿತ ಬರುತ್ತವೆ. ಇದು ಕಲಿಯುವ ಹುಡುಗರು ರಂಗಕ್ಕೆ ಬರುವ ಹೊತ್ತು. ಇವತ್ತು ಕೋಡಂಗಿ ಕುಣಿಯುವ ಹುಡುಗ ಮುಂದೊಂದು ದಿನ ದೊಡ್ಡ ವೇಷ ಹಾಕುತ್ತಾನೆ. ಪ್ರೇಕ್ಷಕರು ಕಡಿಮೆ ಇರುವಾಗ ಅವನು ಮನಸ್ಸಿಟ್ಟು ಕುಣಿಯುತ್ತಿರುತ್ತಾನೆ, ಅವನಿಗಾಗಿ ಮುಂದೆ ಕೂತು ನೋಡಿ. ಕಾಲಮಿತಿ ಆಟಗಳಲ್ಲಿ ಪೂರ್ವರಂಗ ಬಹಳ ಚಿಕ್ಕದಾಗಿದೆ. ನನಗೆ ಅದು ದೊಡ್ಡ ನಷ್ಟ ಅನ್ನಿಸುತ್ತದೆ.

ಆಮೇಲೆ ಒಡ್ಡೋಲಗ. ಮುಖ್ಯ ಪಾತ್ರಗಳು ಮೊದಲ ಸಲ ರಂಗಕ್ಕೆ ಬಂದು ಕುಣಿಯುವುದು. ಇಬ್ಬರು ತೆರೆ ಹಿಡಿದಿರುತ್ತಾರೆ. ಬಣ್ಣದ ವೇಷವಾದರೆ ತೆರೆಯ ಹಿಂದೆ ಮೊದಲು ಕಿರೀಟ ಮಾತ್ರ ಕಾಣುತ್ತದೆ, ಒಳಗಿನಿಂದ ಅಬ್ಬರ ಕೇಳುತ್ತದೆ, ಮುಖ ತೋರಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ.

ಎಲ್ಲಿ ಕೂತರೆ ಒಳ್ಳೆಯದು?

ಧ್ವನಿಪೆಟ್ಟಿಗೆಯ ಎದುರಿಗೆ ಕೂರಬೇಡಿ. ಅಲ್ಲಿ ಚೆಂಡೆಯ ಸದ್ದಿಗೆ ಮದ್ದಳೆ ಕೇಳಿಸುವುದೇ ಇಲ್ಲ, ಎರಡು ಗಂಟೆಯಲ್ಲಿ ತಲೆನೋವು ಬರುತ್ತದೆ. ರಂಗಸ್ಥಳಕ್ಕೆ ಹತ್ತಿರ, ನಡುವಿಗೆ, ಭಾಗವತರ ಮುಖ ಕಾಣುವ ಜಾಗ ಹುಡುಕಿ. ಮದ್ದಳೆಯವರ ಬೆರಳು ಕಾಣಿಸಿದರೆ ಇನ್ನೂ ಒಳ್ಳೆಯದು. ಚೆಂಡೆ ಇಲ್ಲದ ಪದ್ಯಗಳಲ್ಲಿ ಮದ್ದಳೆಯೊಂದೇ ಹಾಡಿನ ಜೊತೆ ನಡೆಯುತ್ತದೆ. ಆ ಸಮಯದಲ್ಲಿ ಮಾತಾಡದೆ ಕೇಳಿ. ನೆಲದ ಮೇಲೆ ಚಾಪೆ ಹಾಸಿ ಮುಂದೆ ಕೂರುವವರಿಗೆ ಕುರ್ಚಿಯವರಿಗಿಂತ ಚೆನ್ನಾಗಿ ಕಾಣುತ್ತದೆ.

ಏನೇನು ತರಬೇಕು?

ಚಳಿಗಾಲದ ರಾತ್ರಿ ಬಯಲಿನಲ್ಲಿ ಇಬ್ಬನಿ ಬೀಳುತ್ತದೆ. ತಲೆಗೆ ಸುತ್ತಿಕೊಳ್ಳಲು ಒಂದು ಬೈರಾಸು, ಹೊದೆಯಲು ಶಾಲು, ಕೂರಲು ಚಾಪೆ, ನೀರು. ಕೊಯ್ದ ಗದ್ದೆಯಲ್ಲಿ ನಡೆಯಬೇಕಾಗಬಹುದು, ಹಾಗಾಗಿ ಕಾಲಿಗೆ ಗಟ್ಟಿ ಚಪ್ಪಲಿ ಮತ್ತು ಕೈಯಲ್ಲೊಂದು ಟಾರ್ಚು ಇರಲಿ. ತಿನ್ನಲು ತರುವುದು ಬೇಡ. ಆಟದ ಸುತ್ತ ಚಹಾ, ಗೋಳಿಬಜೆ, ಚುರುಮುರಿ, ನೆಲಗಡಲೆ, ಆಮ್ಲೆಟ್ ಗಾಡಿಗಳು ಇದ್ದೇ ಇರುತ್ತವೆ.

ನಿದ್ದೆ ಬಂದರೆ?

ಮಲಗಿ. ಯಾರೂ ತಪ್ಪು ತಿಳಿಯುವುದಿಲ್ಲ. ಅದಕ್ಕೇ ಚಾಪೆ. ಒಳ್ಳೆಯ ಪದ್ಯ ಬಂದಾಗ ಎಬ್ಬಿಸುವುದು ಜೊತೆಗಾರನ ಕೆಲಸ. ನಿದ್ದೆಯ ಲೆಕ್ಕವನ್ನು ಗೆಳೆಯರಿಬ್ಬರೂ ಮೊದಲೇ ಮಾತಾಡಿಕೊಳ್ಳಿ. ಒಬ್ಬರಿಗೆ ಯುದ್ಧ ಇಷ್ಟ, ಇನ್ನೊಬ್ಬರಿಗೆ ಹಾಸ್ಯಗಾರ ಇಷ್ಟ ಇರಬಹುದು. ಬೆಳಿಗ್ಗೆ ಗಾಡಿ ಓಡಿಸಬೇಕಾದವರು ಮಾತ್ರ ಕಡ್ಡಾಯವಾಗಿ ನಡುವೆ ಮಲಗಬೇಕು. ಇಡೀ ರಾತ್ರಿ ಎಚ್ಚರವಿದ್ದು ಬೆಳಗಿನ ಜಾವ ಘಟ್ಟ ಹತ್ತುವುದು ಅಪಾಯ.

ಚೌಕಿಗೆ ಹೋಗಿ ವೇಷ ಕಟ್ಟುವುದನ್ನು ನೋಡಬಹುದಾ?

ಚೌಕಿ ಅಂದರೆ ಕಲಾವಿದರು ಬಣ್ಣ ಹಾಕಿಕೊಳ್ಳುವ ಜಾಗ. ಅಲ್ಲಿ ಮೇಳದ ದೇವರನ್ನು ಇಟ್ಟಿರುತ್ತಾರೆ, ಆಟಕ್ಕೆ ಮುಂಚೆ ಪೂಜೆ ನಡೆಯುತ್ತದೆ. ಪೂಜೆಯ ಹೊತ್ತಿಗೆ ಹೋಗಿ ಪ್ರಸಾದ ತೆಗೆದುಕೊಳ್ಳಬಹುದು. ಚಪ್ಪಲಿ ಹೊರಗೆ ಬಿಡಿ. ವೇಷ ಕಟ್ಟುವುದನ್ನು ದೂರದಿಂದ ನೋಡಲು ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ಪ್ರತಿಯೊಬ್ಬ ಕಲಾವಿದರೂ ಕನ್ನಡಿ ಹಿಡಿದು ತಮ್ಮ ಬಣ್ಣವನ್ನು ತಾವೇ ಬರೆದುಕೊಳ್ಳುತ್ತಾರೆ. ರಾಕ್ಷಸ ವೇಷದ ಮುಖದ ಮೇಲೆ ಅಕ್ಕಿ ಹಿಟ್ಟಿನಿಂದ ಚುಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆಗಳನ್ನು, ಇಡಲು ಗಂಟೆಗಟ್ಟಲೆ ಬೇಕು. ಅಂಥ ಹೊತ್ತಿನಲ್ಲಿ ಹತ್ತಿರ ಹೋಗಿ ಮಾತಾಡಿಸಬೇಡಿ, ಸೆಲ್ಫಿ ಕೇಳಬೇಡಿ. ಕಿರೀಟ, ಆಭರಣ ಮುಟ್ಟಬೇಡಿ.

ವಿಡಿಯೊ ಮಾಡಬಹುದಾ?

ಒಂದೆರಡು ಫೋಟೊ ತೆಗೆಯಿರಿ, ಫ್ಲ್ಯಾಶ್ ಆರಿಸಿಕೊಂಡು. ಗಂಟೆಗಟ್ಟಲೆ ಮೊಬೈಲ್ ಎತ್ತಿ ಹಿಡಿದರೆ ಹಿಂದಿನವರಿಗೆ ಕಾಣುವುದಿಲ್ಲ.

ಯೂಟ್ಯೂಬಿನಲ್ಲೇ ಎಲ್ಲ ಸಿಗುತ್ತದಲ್ವಾ, ಹೋಗಲೇಬೇಕಾ?

ಯೂಟ್ಯೂಬಿಗೆ ನಾನು ಋಣಿ. 1990ರಲ್ಲಿ ರಸ್ತೆ ಅಪಘಾತದಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ್ಯಗಳನ್ನು ಇವತ್ತಿನ ಹುಡುಗರು ಕೇಳಲು ಸಾಧ್ಯವಾಗಿರುವುದು ಹಳೆಯ ಕ್ಯಾಸೆಟ್‌ಗಳನ್ನು ಯಾರೋ ಜೋಪಾನ ಮಾಡಿ ಹಾಕಿದ್ದರಿಂದ. ಬಲಿಪ ನಾರಾಯಣ ಭಾಗವತರು, ನೆಬ್ಬೂರು ನಾರಾಯಣ ಭಾಗವತರು, ಸುಬ್ರಹ್ಮಣ್ಯ ಧಾರೇಶ್ವರರು ಈಗಿಲ್ಲ, ಅವರ ಹಾಡು ಅಲ್ಲಿದೆ. ಆಟಕ್ಕೆ ಹೋಗುವ ಮುಂಚೆ ಗೆಳೆಯರಿಗೆ ಇವರ ಒಂದೆರಡು ಪದ್ಯ ಕೇಳಿಸಿ. ಕಿವಿ ಹದವಾಗುತ್ತದೆ.

ಆದರೆ ವಿಡಿಯೊದಲ್ಲಿ ಕ್ಯಾಮೆರಾ ಹೆಚ್ಚಾಗಿ ಕುಣಿಯುವವರ ಹಿಂದೆಯೇ ಓಡುತ್ತದೆ. ಭಾಗವತರು ಚೆಂಡೆಯವರ ಕಡೆ ತಿರುಗಿ ಕಣ್ಣಲ್ಲೇ ಹೇಳುವುದು, ವೇಷಧಾರಿ ಅರ್ಥ ಹೇಳುತ್ತಾ ಹೇಳುತ್ತಾ ಮುಂದಿನ ಪದ್ಯಕ್ಕೆ ದಾರಿ ಮಾಡಿಕೊಡುವುದು, ಒಳ್ಳೆಯ ಮಾತಿಗೆ ಹಿರಿಯ ಪ್ರೇಕ್ಷಕರೊಬ್ಬರು ತಲೆದೂಗುವುದು, ಇವೆಲ್ಲ ಅಲ್ಲೇ ಕೂತವರಿಗೆ ಮಾತ್ರ ಸಿಗುತ್ತವೆ. ಮುಂದಿನ ಸಾಲಿನ ಜನ ಸ್ವಾದ ಗೊತ್ತಿದ್ದವರಾದರೆ ಕಲಾವಿದರ ಆಟವೇ ಬೇರೆಯಾಗುತ್ತದೆ. ಚೆಂಡೆಯ ಏಟು ಎದೆಗೆ ತಾಗುವುದಂತೂ ಫೋನಿನಲ್ಲಿ ಸಾಧ್ಯವೇ ಇಲ್ಲ.

ಹೆಣ್ಣುಮಕ್ಕಳಿಬ್ಬರೇ ಬರಬಹುದಾ?

ಆಟಕ್ಕೆ ಮನೆಮಂದಿಯೆಲ್ಲ ಬರುತ್ತಾರೆ, ಅಜ್ಜಿಯಿಂದ ಹಿಡಿದು ಕೂಸಿನವರೆಗೆ. ಕುಟುಂಬಗಳು ಕೂತ ಕಡೆ ಚಾಪೆ ಹಾಸಿ, ಪಕ್ಕದವರನ್ನು ಮಾತಾಡಿಸಿ ಪರಿಚಯ ಮಾಡಿಕೊಳ್ಳಿ. ಹೋಗುವ ಬರುವ ದಾರಿ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ರಂಗದ ಮೇಲೂ ಹೆಣ್ಣುಮಕ್ಕಳು ಇದ್ದಾರೆ. ವೃತ್ತಿ ಮೇಳದಲ್ಲಿ ಭಾಗವತಿಕೆ ಮಾಡಿ ಹೆಸರು ಗಳಿಸಿದ ಲೀಲಾವತಿ ಬೈಪಾಡಿತ್ತಾಯರು ಎಷ್ಟೋ ಹುಡುಗಿಯರಿಗೆ ದಾರಿ ತೋರಿಸಿದರು. ಈಗ ಹವ್ಯಾಸಿ ತಂಡಗಳಲ್ಲಿ ಹಾಡುವ, ಚೆಂಡೆ ಬಾರಿಸುವ, ಕುಣಿಯುವ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ.

ಬೆಂಗಳೂರಿನಲ್ಲೇ ನೋಡಿದರೆ ಆಗುವುದಿಲ್ವಾ?

ಆಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಬೆಂಗಳೂರಿಗೆ, ಮುಂಬೈಗೆ ಹೋಗಿ ಆಡುತ್ತಾರೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಎಷ್ಟೋ ಆಟಗಳಾಗಿವೆ. ಪ್ರಸಿದ್ಧ ಭಾಗವತರನ್ನೂ ವೇಷಧಾರಿಗಳನ್ನೂ ಬೇರೆ ಬೇರೆ ಮೇಳದಿಂದ ಸೇರಿಸಿ ಒಂದೇ ರಂಗಕ್ಕೆ ತರುತ್ತಾರೆ, ಅದೊಂದು ಲಾಭ. ಕುರ್ಚಿಯ ಸುಖವೂ ಇದೆ. ನಗರದ ಗೆಳೆಯರಿಗೆ ಮೊದಲ ರುಚಿ ತೋರಿಸಲು ಒಳ್ಳೆಯ ದಾರಿ. ಆದರೆ ಬಯಲಿನಲ್ಲಿ ಮೇಳದವರು ಒಟ್ಟಿಗೆ ದಿನವೂ ಆಡಿ ಗಳಿಸಿದ ಹೊಂದಾಣಿಕೆ ಇಲ್ಲಿ ಅಷ್ಟು ಸಿಗುವುದಿಲ್ಲ. ಒಂದು ಸಲ ಬೆಂಗಳೂರಿನಲ್ಲಿ ನೋಡಿ, ಚಳಿಗಾಲದ ಒಂದು ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿ ಕೆಳಗಿಳಿಯಿರಿ.

ಎಲ್ಲಿ, ಯಾವ ದಿನ ಆಟ ಇದೆ ಎಂದು ತಿಳಿಯುವುದು ಹೇಗೆ?

ಕರಾವಳಿಯ ಪತ್ರಿಕೆಗಳಲ್ಲಿ ‘ಇಂದಿನ ಯಕ್ಷಗಾನ’ ಎಂದು ಮೇಳವಾರು ಪಟ್ಟಿ ಬರುತ್ತದೆ. ವಾಟ್ಸ್ಯಾಪ್ ಗುಂಪುಗಳಲ್ಲಿ ಬೆಳಿಗ್ಗೆಯೇ ಹರಿದಾಡುತ್ತದೆ. ಊರಿನ ಹೆಸರಿನ ಜೊತೆ ಪ್ರಸಂಗದ ಹೆಸರೂ ಇರುತ್ತದೆ. ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ, ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ತೆಂಕಿನ ಮೇಳಗಳು ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಯ ದಿನ (ತುಳುವರ ಬೇಷ ತಿಂಗಳ ಹತ್ತನೇ ದಿನ) ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಡಿಸೆಂಬರ್‌ನಿಂದ ಫೆಬ್ರುವರಿ ಗೆಳೆಯರನ್ನು ಕರೆತರಲು ಒಳ್ಳೆಯ ಕಾಲ. ಸೆಕೆ ಇಲ್ಲ, ಮಳೆ ಇಲ್ಲ.

ಆಟ ಮುಗಿದ ಮೇಲೆ?

ಹೋಟೆಲಿನಲ್ಲಿ ಕೂತು ಬಿಸಿ ಇಡ್ಲಿ ತಿನ್ನುತ್ತಾ ಜಗಳ ಆಡಿ. ಯಾರ ಅರ್ಥಗಾರಿಕೆ ಗೆದ್ದಿತು, ಕೌರವ ಹೇಳಿದ್ದು ಸರಿಯೋ ಕೃಷ್ಣ ಹೇಳಿದ್ದು ಸರಿಯೋ, ಆ ಪದ್ಯ ಯಾವ ರಾಗ ಎಂದೆಲ್ಲ. ನೋಡಿದ್ದು ಮನಸ್ಸಿನಲ್ಲಿ ನಿಲ್ಲುವುದು ಆ ಮಾತಿನಿಂದಲೇ. ಒಬ್ಬರೇ ಹೋದರೆ ಇದು ಸಿಗುವುದಿಲ್ಲ, ನಾನು ಗೆಳೆಯರನ್ನು ಎಳೆದುಕೊಂಡು ಹೋಗುವುದು ಇದಕ್ಕೂ ಹೌದು.

ಮಳೆಗಾಲದಲ್ಲಿ ಊರಿಗೆ ಬಂದರೆ ಏನೂ ಸಿಗುವುದಿಲ್ವಾ?

ಸಿಗುತ್ತದೆ. ತಾಳಮದ್ದಲೆ ಕೂಟಗಳು ಆಗಲೇ ಜಾಸ್ತಿ. ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತು ಮಾತ್ರ. ದೇವಸ್ಥಾನದ ಜಗಲಿಯಲ್ಲೋ ಸಭಾಭವನದಲ್ಲೋ ಭಾಗವತರ ಅಕ್ಕಪಕ್ಕ ಕೂತು ಅರ್ಥ ಹೇಳುತ್ತಾರೆ. ಹಾಡಿನ ರುಚಿ ಹತ್ತಿದ ಗೆಳೆಯರಿಗೆ ಇದು ಬಹಳ ಇಷ್ಟವಾಗುತ್ತದೆ. ಹತ್ತದವರಿಗೆ ಕಷ್ಟ, ಮೊದಲ ಸಲಕ್ಕೆ ಬೇಡ. ಇನ್ನು ಚಿಕ್ಕಮೇಳಗಳು ಸಂಜೆ ಹೊತ್ತು ಮನೆಮನೆಗೆ ಬರುತ್ತವೆ. ಒಂದಿಬ್ಬರು ವೇಷಧಾರಿಗಳು, ಭಾಗವತರು, ಚೆಂಡೆ, ಮದ್ದಳೆ. ನಿಮ್ಮ ಮನೆಯ ಚಾವಡಿಯಲ್ಲೇ ಸಣ್ಣದೊಂದು ಕಥಾಭಾಗ ಆಡಿ ಹೋಗುತ್ತಾರೆ. ಆ ದಿನ ಮನೆಯಲ್ಲಿ ಗೆಳೆಯರಿದ್ದರೆ ಕುರ್ಚಿ ಹಾಕಿ ಕೂರಿಸಿ, ಬಂದವರಿಗೆ ಗೌರವದಿಂದ ಕಾಣಿಕೆ ಕೊಡಿ.